ನೂರಿಪ್ಪತ್ತೆಂಟನೇ ಸಾಲು

ನಮ್ಮ ವಿಶ್ವವಿದ್ಯಾಲಯದಲ್ಲಿ ಪದವಿಗೆ ಓದಲು ಎಷ್ಟು ವಿಷಯಗಳಿವೆ ಎಂದು ಈಗ ಯಾರಾದರೂ ಕೇಳಿದರೆ ನೂರಿಪ್ಪತ್ತೇಳು ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಈ ವರ್ಷ ಇಪ್ಪತ್ತಾರು ದಿನಗಳ ಕಾಲ ಅಲ್ಲಿ ನೂರಿಪ್ಪತ್ತೆಂಟು ವಿಷಯಗಳಿದ್ದವು. ಆ ಹೆಚ್ಚಿನ ಒಂದನ್ನು ಸ್ಥಾಪಿಸಿದವರು ನನ್ನ ಭಾವ. ಸ್ಥಾಪಿಸುವ ಹೊತ್ತಿನಲ್ಲಿ ಅವರು ಏಣಿಯ ಮೇಲಿದ್ದರು, ಬಾಯಲ್ಲಿ ಒಂದು ಬ್ರಷ್ಷು ಕಚ್ಚಿಕೊಂಡಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಸುಬು ಬೋರ್ಡು ಬರೆಯುವುದು. ಈಗ ಎಲ್ಲರೂ ಪ್ಲಾಸ್ಟಿಕ್ ಹಾಳೆಯ ಮೇಲೆ ಮೆಷಿನ್ನಿನಲ್ಲಿ ಅಚ್ಚು ಹಾಕಿಸಿ ನೇತುಹಾಕಿಬಿಡುತ್ತಾರೆ. ವಿಶ್ವವಿದ್ಯಾಲಯ ಮಾತ್ರ ಹಾಗಲ್ಲ. ‘ನಾಮಫಲಕಗಳನ್ನು ಕೈಯಿಂದ ಬರೆಸತಕ್ಕದ್ದು’ ಎಂದು ಅಲ್ಲಿಯ ನಿಯಮದ ಪುಸ್ತಕದಲ್ಲಿ ಯಾರೋ ಪುಣ್ಯಾತ್ಮರು ಎಂದೋ ಬರೆದಿಟ್ಟಿದ್ದಾರೆ. ಅದನ್ನು ತೆಗೆದುಹಾಕಲು ಒಂದು ಸಭೆ ಸೇರಬೇಕು, ಆ ಸಭೆಗೆ ಇನ್ನೂ ಸಾಕಷ್ಟು ಜನ ಸೇರಿಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿಯ ಬಾಗಿಲುಗಳ ಮೇಲಿನ ಅಕ್ಷರವೆಲ್ಲ ಭಾವನದೇ. ಆ ಅಕ್ಷರವನ್ನು ನೀವು ನೋಡಬೇಕು. ಒಮ್ಮೆ ಅವರು ಬರೆದ ‘ಒಳಗೆ ಬರಬಾರದು’ ಎಂಬ ಫಲಕ ಎಷ್ಟು ಚೆಂದವಾಗಿತ್ತೆಂದರೆ, ಅದನ್ನು ಹತ್ತಿರದಿಂದ ನೋಡಲು ಜನ ಒಳಗೆ ಹೋಗುತ್ತಿದ್ದರು. ಕೊನೆಗೆ ಕಾವಲುಗಾರ ಅದನ್ನು ತೆಗೆಸಿ, ತಾನೇ ಇದ್ದಿಲಿನಲ್ಲಿ ಗೀಚಿದ. ಆಮೇಲೆ ಯಾರೂ ಬರಲಿಲ್ಲ.

ನನ್ನದು ಅದೇ ವಿಶ್ವವಿದ್ಯಾಲಯದ ಗೇಟಿನ ಎದುರಿಗೆ ಜೆರಾಕ್ಸ್ ಅಂಗಡಿ. ಒಳಗಿನ ಕಾಗದಗಳೆಲ್ಲ ಒಂದಲ್ಲ ಒಂದು ದಿನ ನನ್ನ ಗಾಜಿನ ಮೇಲೆ ಮಲಗಿ ಎದ್ದು ಹೋಗುತ್ತವೆ. ಆದ್ದರಿಂದ ನಾನು ಹೇಳುವುದೆಲ್ಲ ದಾಖಲೆಯ ಆಧಾರದ ಮೇಲೆ ಎಂದು ತಿಳಿಯತಕ್ಕದ್ದು.

ಬೇಸಿಗೆಯಲ್ಲಿ ಭಾವನಿಗೆ ದೊಡ್ಡ ಆರ್ಡರ್ ಬಂತು. ಗೇಟಿನ ಒಳಗೆ, ಬಂದವರಿಗೆಲ್ಲ ಕಾಣುವಂತೆ, ಪದವಿಯ ವಿಷಯಗಳಷ್ಟನ್ನೂ ಒಂದೇ ತಗಡಿನ ಮೇಲೆ ಬರೆಯಬೇಕು. ಭಾವ ತಗಡನ್ನು ಗೋಡೆಗೆ ಒರಗಿಸಿ, ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡೂ ತುದಿ ಬಿಗಿ ಹಿಡಿದು ಮಧ್ಯೆ ಮೀಟಿದರು. ನಾಲ್ಕು ಅಂಕಣ, ಅಂಕಣಕ್ಕೆ ಮೂವತ್ತೆರಡು ಸಾಲು. ಹನ್ನೊಂದು ದಿನ ಬರೆದರು. ನಾನು ಗಿರಾಕಿಗಳಿಲ್ಲದಾಗ ಹೋಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಏನೇನಿದೆ ಮಾರಾಯರೇ ಈ ಲೋಕದಲ್ಲಿ ಓದುವುದಕ್ಕೆ! ಮಣ್ಣಿನ ಬಗ್ಗೆ ನಾಲ್ಕು ವರ್ಷ ಓದುವವರಿದ್ದಾರೆ. ಹುಳದ ಬಗ್ಗೆ ಓದುವವರಿದ್ದಾರೆ. ನಕ್ಷತ್ರಕ್ಕೆ ಒಂದು ಸಾಲು, ಸಮುದ್ರಕ್ಕೆ ಒಂದು ಸಾಲು, ಸಾವಿರ ವರ್ಷದಿಂದ ಯಾರೂ ಆಡದ ಭಾಷೆಗೆ ಒಂದು ಸಾಲು. ಪುಸ್ತಕಗಳನ್ನು ಹೇಗೆ ಜೋಡಿಸಿಡಬೇಕು ಎನ್ನುವುದಕ್ಕೂ ಒಂದು ಸಾಲು. ನಾನು ಹತ್ತನೇ ತರಗತಿಗೆ ನಮಸ್ಕಾರ ಹೊಡೆದು ಬಂದವನು. ಆ ಬೋರ್ಡಿನ ಮುಂದೆ ನಿಂತಾಗ ನಿಜವಾಗಿ ಹೊಟ್ಟೆಕಿಚ್ಚಾಯಿತು.

“ಭಾವ, ಇದೆಲ್ಲ ಬರೀತಾ ಬರೀತಾ ನೀವೇ ಒಬ್ಬ ಪಂಡಿತರಾಗಿರಬೇಕಲ್ಲ?” ಎಂದೆ.

“ನಾನು ಓದಲ್ಲಯ್ಯಾ,” ಎಂದರು ಭಾವ, ಬ್ರಷ್ಷನ್ನು ಬಾಯಿಂದ ತೆಗೆದು. “ಓದೋಕೆ ಹೋದ್ರೆ ಕೈ ನಡುಗುತ್ತೆ. ನಂಗೆ ಅದು ಮಾತಲ್ಲ. ಬರೀ ಗೆರೆ, ಹೊಟ್ಟೆ, ಬಾಲ. ಈ ಕಸುಬಲ್ಲಿ ಓದಿದವನು ಕೆಟ್ಟ.”

ನನ್ನೆದುರು ಹೀಗೆ ಹೇಳಿದ ಮನುಷ್ಯ ನಮ್ಮ ಬೀದಿಯಲ್ಲಿ ಬೇರೆಯೇ ರಾಗ ಹಾಡುತ್ತಿದ್ದರು. ಬೋರ್ಡು ಬರೆಯುವ ಸುದ್ದಿ ಹಬ್ಬಿದ್ದೇ ತಡ, ಮಕ್ಕಳಿರುವ ಮನೆಯವರೆಲ್ಲ ಸಲಹೆ ಕೇಳಲು ಬರತೊಡಗಿದರು. ಎಲ್ಲರಿಗಿಂತ ಮೊದಲು ಬಂದವರು ಎದುರುಮನೆಯ ನಿವೃತ್ತ ರೈಲ್ವೆ ಗಾರ್ಡು. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಸೀಟಿ ಇನ್ನೂ ಕೊರಳಲ್ಲೇ ಇದೆ. ಮಾತಿನ ಮಧ್ಯೆ ಯಾರಾದರೂ ಬಾಯಿ ಹಾಕಿದರೆ ಊದುತ್ತಾರೆ.

“ನಮ್ಮ ಮೊಮ್ಮಗನಿಗೆ ಸಂಖ್ಯಾಶಾಸ್ತ್ರ ಹೇಗೆ?” ಎಂದು ಗಾರ್ಡು ಕೇಳಿದರು.

ಭಾವ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸಿದರು. “ಬೇಡಿ. ಮೂರು ಒತ್ತು ಇದೆ. ಹುಡುಗನಿಗೆ ಭಾರ ಆಗುತ್ತೆ.”

“ಮತ್ತೆ?”

“ಕಾನೂನು ಕೊಡ್ಸಿ. ಒಂದೂ ಒತ್ತಿಲ್ಲ. ನೀರು ಕುಡಿದ ಹಾಗೆ.”

ಗಾರ್ಡು ತಲೆದೂಗಿ ಹೋದರು. ಅಕ್ಕ ಒಳಗಿಂದಲೇ ಕೂಗಿದಳು: “ಹಾಲು ತನ್ನಿ ಅಂದ್ರೆ ಪಾತ್ರೆ ಮರೆತು ಹೋಗ್ತಾರೆ, ಇವರು ಊರ ಮಕ್ಕಳ ಭವಿಷ್ಯ ಹೇಳೋದು ನೋಡು!”

ಊರ ಮಕ್ಕಳಿಗೆಲ್ಲ ದಾರಿ ತೋರಿಸಿದ ಭಾವನಿಗೆ ತಮ್ಮ ಮಗಳಿಗೆ ಮಾತ್ರ ತೋರಿಸಲು ಆಗಿರಲಿಲ್ಲ. ಅವಳನ್ನು ಬೀದಿಯವರೆಲ್ಲ ಕರೆಯುವುದು ಇಕ್ಕಳ ಎಂದು. ನಾಲ್ಕನೇ ವಯಸ್ಸಿನಲ್ಲಿ ಗೊಂಬೆ ಕೊಡಿಸಿದರೆ ಬಿಸಾಡಿ, ಅಪ್ಪನ ಪೆಟ್ಟಿಗೆಯಿಂದ ಇಕ್ಕಳ ಎತ್ತಿಕೊಂಡವಳು ಇನ್ನೂ ಕೆಳಗಿಟ್ಟಿಲ್ಲ. ಈಗ ಹದಿನೆಂಟು. ಬೀದಿಯ ಹೊಲಿಗೆ ಮೆಷಿನ್ನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗಾರ್ಡಿನ ಮನೆಯ ಗೋಡೆ ಗಡಿಯಾರ, ನನ್ನ ಜೆರಾಕ್ಸ್ ಮೆಷಿನ್ನು, ಎಲ್ಲ ಅವಳ ಕೈ ದಾಟಿ ಬಂದವೇ. ಶಾಲೆಯಲ್ಲಿ ಅಂಕಗಳೂ ಚೆನ್ನಾಗಿಯೇ ಬಂದಿದ್ದವು. ಅವಳು ಆ ಗೇಟಿನ ಒಳಗೆ ಹೋಗಿ ಓದಬೇಕು ಎನ್ನುವುದು ಭಾವನ ಜೀವನದ ಒಂದೇ ಆಸೆ. ಅವಳು ಮಾತ್ರ ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಡುತ್ತೇನೆ ಎಂದು ಹಟ ಹಿಡಿದು ಕೂತಿದ್ದಳು.

ಬೋರ್ಡು ಮುಗಿಯಬೇಕಾಗಿದ್ದ ದಿನ ಬೆಳಿಗ್ಗೆ ಅಪ್ಪ ಮಗಳಿಗೆ ಕೊನೆಯ ಸುತ್ತಿನ ಜಗಳವಾಯಿತು.

“ನೂರಿಪ್ಪತ್ತೇಳರಲ್ಲಿ ಒಂದೂ ನಿನಗೆ ಆಗಲ್ವೇನೇ?” ಎಂದು ಭಾವ ಕೂಗಾಡಿದರು.

“ಒಡೆದದ್ದನ್ನ ಸರಿ ಮಾಡೋದು ಅದರಲ್ಲಿ ಎಲ್ಲಿದೆ ತೋರ್ಸು ಅಪ್ಪಾ. ಇದ್ರೆ ನಾಳೆನೇ ಅರ್ಜಿ ಹಾಕ್ತೀನಿ. ಇಲ್ಲಾಂದ್ರೆ ನನ್ನ ಪಾಡಿಗೆ ನನ್ನ ಬಿಟ್ಟುಬಿಡು.”

ಭಾವ ಏಣಿ ಹತ್ತಿದರು. ಆ ದಿನ ಪಟ್ಟಿಯನ್ನು ಮೇಲಿಂದ ಕೆಳಗೆ ಮೂರು ಸಲ ಹುಡುಕಿದರಂತೆ. ದುರಸ್ತಿ ಎಂಬ ಪದವೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನೂರಿಪ್ಪತ್ತೇಳೂ ಮುಗಿಯಿತು. ನಾಲ್ಕನೇ ಅಂಕಣದ ತಳದಲ್ಲಿ ಒಂದು ಸಾಲು ಖಾಲಿ ಉಳಿಯಿತು.

ಬೋರ್ಡು ಬರೆಯುವವರಿಗೆ ಖಾಲಿ ಸಾಲು ಎಂದರೆ ಹಲ್ಲುದುರಿದ ಬಾಯಿ. ನೋಡಿದವರು ಏನೋ ಅಳಿಸಿಹೋಗಿದೆ ಎಂದುಕೊಳ್ಳುತ್ತಾರೆ, ಬರೆದವನ ಮರ್ಯಾದೆ ಹೋಗುತ್ತದೆ. ಅಂಗಡಿಯ ಬೋರ್ಡಾಗಿದ್ದರೆ ಒಂದು ಹೂಬಳ್ಳಿ ಎಳೆದು ಮುಗಿಸುತ್ತಿದ್ದರು. ವಿಶ್ವವಿದ್ಯಾಲಯಕ್ಕೆ ಬಳ್ಳಿ ಎಳೆದರೆ ಕ್ಷೌರದಂಗಡಿಯಂತೆ ಕಾಣುತ್ತದೆ. ಪ್ರವೇಶ ವಿಭಾಗದ ಗುಮಾಸ್ತರಿಗೆ ಫೋನು ಮಾಡಿದರು. ಗುಮಾಸ್ತರು ಊಟಕ್ಕೆ ಕೂತಿದ್ದರು.

“ಸಾರ್, ಒಂದು ಸಾಲು ಉಳಿದಿದೆ.”

“ಉಳಿದಿದ್ರೆ ತುಂಬಿಸ್ರೀ! ಅದಕ್ಕೂ ನನ್ನೇ ಕೇಳ್ಬೇಕಾ?”

ಭಾವ ತುಂಬಿಸಿದರು. ‘ದುರಸ್ತಿ ವಿಜ್ಞಾನ’ ಎಂದು. ಒಂದು ರಾತ್ರಿ ಇರಲಿ, ನೋಡಿಕೊಂಡು ಖುಷಿಪಡೋಣ, ಬೆಳಿಗ್ಗೆ ಬಂದು ಒರೆಸಿ ಗೆರೆ ಎಳೆದರಾಯಿತು ಎಂದೇ ಬರೆದದ್ದು ಎಂದು ನನ್ನ ಹತ್ತಿರ ಆಮೇಲೆ ಆಣೆ ಮಾಡಿ ಹೇಳಿದರು. ನಾನು ನಂಬುತ್ತೇನೆ. ಆದರೆ ಅವರು ಬ್ರಷ್ಷು ತೊಳೆದು ಮನೆಗೆ ಹೋದ ಮೇಲೆ ಕೂಲಿಯವರು ಬಂದು, ಬಣ್ಣ ಆರಿದೆಯೆಂದು ನೋಡಿ, ತಗಡನ್ನು ಎರಡು ಆಳೆತ್ತರಕ್ಕೆ ಏರಿಸಿ ಬೋಲ್ಟು ಬಿಗಿದರು.

ಮಾರನೇ ದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎತ್ತುವಾಗಲೇ ಇಕ್ಕಳ ಬಂದು ನಿಂತಿದ್ದಳು, ಕೈಯಲ್ಲಿ ಅರ್ಜಿ.

“ಮಾವಾ, ಮೂರು ಕಾಪಿ. ಬೇಗ.”

ನೋಡಿದೆ. ಮೊದಲ ಆಯ್ಕೆ: ದುರಸ್ತಿ ವಿಜ್ಞಾನ. ಎರಡನೇ ಆಯ್ಕೆ: ದುರಸ್ತಿ ವಿಜ್ಞಾನ. ಮೂರನೇ ಆಯ್ಕೆಗೆ ಹಾಗೆಯೇ ಎಂದು ಎರಡು ಗೀಟು.

“ಎರಡನೇದಕ್ಕೆ ಬೇರೆ ಏನಾದ್ರೂ ಹಾಕೇ. ಸೀಟು ಸಿಗದಿದ್ರೆ?”

“ಸಿಗದಿದ್ರೆ ಬೇಡ. ಬೇರೆ ಯಾವುದೂ ನಂಗೆ ಬೇಡ.” ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. “ಅಪ್ಪ ಇದನ್ನ ಬರೆದು ಮುಗಿಸೋ ತನಕ ನಂಗೆ ಹೇಳ್ಲೇ ಇಲ್ಲ ನೋಡಿ ಮಾವಾ. ಬೇಕೂಂತ ಬಚ್ಚಿಟ್ಟಿದ್ದಾರೆ!”

ಸಂಜೆ ಭಾವ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದು, ನಡೆದದ್ದನ್ನೆಲ್ಲ ಹೇಳಿದರು. ನಾನು ಮೆಷಿನ್ನು ನಿಲ್ಲಿಸಿದೆ.

“ಈಗಲೇ ಹೇಳಿಬಿಡಿ ಭಾವ.”

“ಹೆಂಗಯ್ಯಾ ಹೇಳ್ಲಿ? ಅರ್ಜಿ ಕೊಟ್ಟು ಬಂದು ನನ್ನ ತಬ್ಬಿಕೊಂಡ್ಳು. ಏಳನೇ ಕ್ಲಾಸ್ ಆದ್ಮೇಲೆ ಇವತ್ತೇ.” ಭಾವ ಮೂಗು ಒರೆಸಿಕೊಂಡರು. “ಇರು, ಅವರೇ ಕಂಡುಹಿಡೀತಾರೆ. ಅಷ್ಟೊಂದು ಓದಿದವರು. ಎರಡು ದಿನದಲ್ಲಿ ನೋಟಿಸು ಬರುತ್ತೆ.”

ಇಲ್ಲೇ ಭಾವ ಲೆಕ್ಕ ತಪ್ಪಿದ್ದು. ಅಷ್ಟೊಂದು ಓದಿದವರಿಗೆ ಒಂದು ತೊಂದರೆ ಇರುತ್ತದೆ: ಗೊತ್ತಿಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ. ನೂರಿಪ್ಪತ್ತೇಳನ್ನೂ ತಲೆಯಲ್ಲಿಟ್ಟುಕೊಂಡವರು ಒಳಗೆ ಯಾರೂ ಇರಲಿಲ್ಲ. ಇದು ಇನ್ಯಾರದೋ ವಿಭಾಗದ ಹೊಸ ವಿಷಯ ಇರಬೇಕು ಎಂದು ಎಲ್ಲರೂ ಅಂದುಕೊಂಡರು. ಅಂದುಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಅರ್ಜಿಗಳು ಬರತೊಡಗಿದವು. ಕೊನೆಯ ದಿನಾಂಕದ ಹೊತ್ತಿಗೆ ನನ್ನ ಗಾಜಿನ ಮೇಲೇ ನಲವತ್ತೊಂದು ಹಾದುಹೋದವು. ಗಾರ್ಡಿನ ಮೊಮ್ಮಗನದೂ ಅದರಲ್ಲಿತ್ತು. ಗಾರ್ಡು ಬಂದು ಇದಕ್ಕೆ ಒತ್ತೆಷ್ಟು ಎಂದು ಕೇಳಿದಾಗ ಭಾವನ ಬಾಯಿಂದ ಮಾತೇ ಹೊರಡಲಿಲ್ಲ. ಮೌನವನ್ನು ಗಾರ್ಡು ಒಪ್ಪಿಗೆ ಎಂದು ತಿಳಿದು ಹಸಿರು ಬಾವುಟ ತೋರಿಸಿಬಿಟ್ಟರು.

ನಲವತ್ತೊಂದು ಅರ್ಜಿ ಬಂದ ವಿಷಯವನ್ನು ಯಾರು ಬಿಡುತ್ತಾರೆ? ಒಂದೊಂದೇ ಪತ್ರ ನನ್ನ ಅಂಗಡಿಗೆ ಬಂತು. ‘ಯಾವುದೇ ವಸ್ತು ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟೇ ಕೆಡುವುದರಿಂದ ಸದರಿ ವಿಷಯ ನಮ್ಮದು’ ಎಂದು ಭೌತಶಾಸ್ತ್ರದವರು ಬರೆದರು. ‘ಹಳೆಯದಾಗದೆ ಏನೂ ಕೆಡುವುದಿಲ್ಲವಾದ್ದರಿಂದ ನಮ್ಮದು’ ಎಂದು ಚರಿತ್ರೆಯವರು ಬರೆದರು. ‘ಕೆಡುವುದು ಎಂದರೇನು ಎಂಬುದು ಮೊದಲು ತೀರ್ಮಾನವಾಗಲಿ’ ಎಂದು ತತ್ತ್ವಶಾಸ್ತ್ರದವರು ಹದಿನೆಂಟು ಪುಟ ಬರೆದರು. ಹದಿನೆಂಟೂ ಪುಟಕ್ಕೆ ಆರಾರು ಕಾಪಿ. ಒಂದು ಸಭೆಯೂ ಆಯಿತು. ಅದರಲ್ಲಿ ಭೌತಶಾಸ್ತ್ರದ ಮುಖ್ಯಸ್ಥರು ಎದ್ದು ನಿಂತು, ದುರಸ್ತಿ ವಿಜ್ಞಾನದ ಬಗ್ಗೆ ತಾವು ಬಹಳ ವರ್ಷಗಳಿಂದ ಚಿಂತಿಸುತ್ತಿರುವುದಾಗಿ ಗಂಭೀರವಾಗಿ ಹೇಳಿದರಂತೆ. ಕೂಡಲೇ ಇನ್ನಿಬ್ಬರು ತಾವು ಅವರಿಗಿಂತ ಮೊದಲಿನಿಂದ ಚಿಂತಿಸುತ್ತಿದ್ದೇವೆ ಎಂದರಂತೆ. ಕೊನೆಗೆ ಯಾರಿಗೂ ಕೊಡುವುದು ಬೇಡವೆಂದು ಹೊಸ ವಿಭಾಗವನ್ನೇ ಮಾಡಿ, ನೆಲಮಹಡಿಯ ಹದಿನಾಲ್ಕನೇ ಕೋಣೆ ಕೊಟ್ಟರು. ಅದರ ತುಂಬ ಕಾಲು ಮುರಿದ ಕುರ್ಚಿಗಳಿದ್ದವು. ‘ವಿಭಾಗಕ್ಕೆ ಬೇಕಾದ ಸಲಕರಣೆ ಈಗಾಗಲೇ ಪೂರೈಕೆಯಾಗಿದೆ’ ಎಂದು ಫೈಲಿನಲ್ಲಿ ದಾಖಲಾಯಿತು.

ಇಪ್ಪತ್ತಾರನೇ ದಿನ ಬೆಳಿಗ್ಗೆ ಭಾವನಿಗೆ ಒಂದು ಆರ್ಡರ್ ಬಂತು. ‘ದುರಸ್ತಿ ವಿಜ್ಞಾನ ವಿಭಾಗ. ನಾಮಫಲಕ ಒಂದು. ತುರ್ತು.’

ಭಾವ ಹಲಗೆ ಇಟ್ಟುಕೊಂಡು ಕೂತರು. ಗೆರೆ ಹೊಡೆದರು. ಬ್ರಷ್ಷು ಅದ್ದಿದರು. ಅರ್ಧ ಗಂಟೆಯ ಮೇಲೆ ನಾನು ಹೋಗಿ ನೋಡಿದರೆ ಹಲಗೆ ಖಾಲಿ, ಬ್ರಷ್ಷಿನ ಬಣ್ಣ ನೆಲಕ್ಕೆ ತೊಟ್ಟಿಕ್ಕುತ್ತಿದೆ.

“ಕೈ ನಡುಗ್ತಿದೆ ಕಣಯ್ಯಾ,” ಎಂದರು. “ಓದಿಬಿಟ್ಟೆ. ನಲವತ್ತೊಂದು ಮಕ್ಕಳು ಇದನ್ನ ನಂಬ್ಕೊಂಡು ಆ ಕೋಣೆಗೆ ಬರ್ತಾರೆ. ಒಳಗೆ ಮೇಷ್ಟ್ರಿಲ್ಲ, ಪುಸ್ತಕ ಇಲ್ಲ. ನನ್ನ ಮಗಳೂ ಬರ್ತಾಳೆ. ನಡಿ, ಹೇಳಿಬಿಡೋಣ. ನೀನೂ ಬಾ. ಒಬ್ಬನೇ ಹೋದ್ರೆ ಬಾಗಿಲಲ್ಲೇ ವಾಪಸ್ಸು ಬಂದುಬಿಡ್ತೀನಿ.”

ಅಂಗಡಿ ಮುಚ್ಚಿ ಜೊತೆಗೆ ಹೋದೆ. ನನ್ನ ಭಾವ ದಡ್ಡ ಕೆಲಸ ಮಾಡಿದವರು ಹೌದು. ಆದರೆ ಆವತ್ತು ಆ ಮೆಟ್ಟಿಲು ಹತ್ತಿದ ರೀತಿ ನೋಡಿ ನನಗೆ ಅವರ ಮೇಲೆ ಬಹಳ ಗೌರವ ಬಂತು. ಅಲ್ಲಿ ಹತ್ತಿ ಇಳಿಯುವ ದೊಡ್ಡವರಲ್ಲಿ ಯಾರಿಗೂ ಆ ಧೈರ್ಯ ಇರಲಿಲ್ಲ.

ಗುಮಾಸ್ತರು ಕೇಳಿ ನಕ್ಕರು. “ನೀವು ಬರೆದ್ರಿ ಅಂತ ವಿಷಯ ಹುಟ್ಟುತ್ತೇನ್ರೀ? ಆ ಬೋರ್ಡೆಲ್ಲ ನೀವೇ ಬರೆದದ್ದು. ಹಾಗಾದ್ರೆ ರಸಾಯನಶಾಸ್ತ್ರನೂ ನಿಮ್ದೇನಾ?”

“ಅಲ್ಲ ಸಾರ್, ಅದೊಂದು ಮಾತ್ರ ನಂದು. ನೀವೇ ತುಂಬಿಸಿ ಅಂದ್ರಿ.”

“ನಾನಾ? ನಾನ್ಯಾಕೆ ಹೇಳ್ಲಿ?” ಗುಮಾಸ್ತರ ನಗು ನಿಂತಿತು. ಮೇಜಿನ ಮೇಲಿನ ದಪ್ಪ ಫೈಲನ್ನು ಬಡಿದರು. “ಫೈಲಿದೆ ಇಲ್ಲಿ! ಇನ್ನೂರ ಹದಿನಾಲ್ಕು ಪುಟ! ಇಷ್ಟು ದಪ್ಪ ಫೈಲಿರೋ ವಿಷಯ ಇಲ್ಲ ಅಂತೀರಲ್ಲ, ತಲೆ ನೆಟ್ಟಗಿದೆಯಾ?”

ಗಲಾಟೆ ಕೇಳಿ ಪಕ್ಕದ ಕೋಣೆಯಿಂದ ಕುಲಸಚಿವರು ಹೊರಗೆ ಬಂದರು. ಸಣ್ಣ ಆಳು, ಕನ್ನಡಕ ತಲೆಯ ಮೇಲೆ. ಆ ಹೆಂಗಸು ನಡೆದು ಬಂದರೆ ಕುರ್ಚಿಗಳೂ ನೆಟ್ಟಗೆ ನಿಲ್ಲುತ್ತವೆ ಎಂದು ಹೇಳುತ್ತಾರೆ. ಭಾವ ಇನ್ನೊಮ್ಮೆ ಎಲ್ಲ ಹೇಳಿದರು, ಮಗಳ ಸಮೇತ. ಕುಲಸಚಿವರು ಕನ್ನಡಕ ಇಳಿಸಿ, ಫೈಲಿನ ಕೊನೆಯಿಂದ ಮೊದಲಿಗೆ ಒಂದೊಂದೇ ಹಾಳೆ ಮಗುಚುತ್ತಾ ಹೋದರು. ಪತ್ರ, ಪತ್ರಕ್ಕೆ ಉತ್ತರ, ಉತ್ತರಕ್ಕೆ ಆಕ್ಷೇಪಣೆ. ಎಲ್ಲದರ ಅಡಿಯಲ್ಲಿ, ಒಂದನೇ ಪುಟದಲ್ಲಿ, ಎಲ್ಲದಕ್ಕೂ ಮೂಲ ಆಧಾರವಾಗಿ ಒಂದು ಫೋಟೋ ಅಂಟಿಸಿತ್ತು. ಭಾವ ಬರೆದ ಬೋರ್ಡಿನ ಫೋಟೋ.

ಕುಲಸಚಿವರು ಆ ಪುಟವನ್ನು ಗುಮಾಸ್ತರ ಕಡೆ ತಿರುಗಿಸಿ ಇಟ್ಟರು.

“ಇದರಲ್ಲಿ ಮೂರು ಕಡೆ ನನ್ನ ಸಹಿ ಇದೆ,” ಎಂದರು ಕುಲಸಚಿವರು ನಿಧಾನವಾಗಿ. “ನಾನೂ ಓದಿರಲಿಲ್ಲ.” ಆಮೇಲೆ ಗುಮಾಸ್ತರ ಕಡೆ ತಿರುಗಿದರು. “ನಲವತ್ತೊಂದು ಜನಕ್ಕೂ ಇವತ್ತೇ ಫೋನು ಮಾಡಿ. ನಾಳೆ ಸಂಜೆ ಐದರೊಳಗೆ ಬೇರೆ ವಿಷಯ ಬರೆದು ಕೊಡ್ಲಿ. ಐದಾದ ಮೇಲೆ ನನ್ನ ಕೈಲೂ ಏನೂ ಆಗಲ್ಲ. ನೀವಿಬ್ಬರೂ ನನ್ನ ಜೊತೆ ಬನ್ನಿ.”

ನಮ್ಮನ್ನು ನೇರ ಬೋರ್ಡಿನ ಕೆಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಪೊಲೀಸರಿಗೆ ಕೊಡುತ್ತಾರೆಂದೇ ನಾನು ತಿಳಿದೆ.

“ಮೂರನೇ ಅಂಕಣ, ಏಳನೇ ಸಾಲು. ಓದಿ.”

“ವಸ್ತು ವಿಜ್ಞಾನ,” ಎಂದರು ಭಾವ.

“ಅಲ್ಲಿ ಏನು ಮಾಡ್ತಾರೆ?”

“ಒತ್ತಿನ ಬಾಲ ಕೆಳಗಿನ ಸಾಲಿಗೆ ತಾಗ್ತಿತ್ತು ಮೇಡಂ. ಒಂಚೂರು ಎತ್ತಿ ಬ—”

“ಬೋರ್ಡಲ್ಲಿ ಅಲ್ಲ ರೀ. ಒಳಗೆ, ಆ ವಿಭಾಗದಲ್ಲಿ ಏನು ಕಲಿಸ್ತಾರೆ?”

ಭಾವ ತಲೆ ತಗ್ಗಿಸಿದರು. “ಬರೆದದ್ದು ನಾನೇ ಮೇಡಂ. ಏನು ಅಂತ ಗೊತ್ತಿಲ್ಲ.”

“ಹೋಗಿ ತಿಳ್ಕೊಳ್ಳಿ. ಮಗಳನ್ನೂ ಕರ್ಕೊಂಡು ಹೋಗಿ. ಅಲ್ಲಿ ಮೂವತ್ತು ಸೀಟು ಇದೆ, ಬಂದಿರೋದು ಒಂಬತ್ತು ಅರ್ಜಿ. ಹೆಸರು ನೋಡಿ ಯಾರೂ ಬರಲ್ಲ.” ಹೊರಟವರು ತಿರುಗಿ ನಿಂತರು. “ನಿಮ್ಮ ಅಕ್ಷರ ತುಂಬಾ ಚೆನ್ನಾಗಿದೆ. ಅದಕ್ಕೇ ಎಲ್ಲರೂ ನಂಬಿದ್ದು.”

ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಮುಗಿದಿರಲಿಲ್ಲ. ಮನೆಯಲ್ಲಿ ಇಕ್ಕಳ ಇದ್ದಳು.

ನಾವು ಹೋದಾಗ ಅವಳು ನಡುಮನೆಯಲ್ಲಿ ಹಳೇ ಕಾಗದ ಹರಡಿಕೊಂಡು ಯಾರದೋ ಮಿಕ್ಸಿಯ ಮೋಟಾರು ಬಿಚ್ಚುತ್ತಿದ್ದಳು. ಭಾವ ನಿಂತೇ ಹೇಳಿದರು. ಅವಳು ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತಾ ಕೇಳಿದಳು.

“ಹಾಗಾದ್ರೆ ಸುಳ್ಳಾ ಅಪ್ಪಾ?”

“ಒಂದೇ ಒಂದು ಸಾಲು ಮಗಾ. ಉಳಿದದ್ದೆಲ್ಲ—”

“ನಂಗೆ ಇದ್ದದ್ದೇ ಆ ಒಂದು ಸಾಲು.”

ಅಷ್ಟೇ ಅಂದದ್ದು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೂಗಾಡಿದ್ದರೆ ಚೆನ್ನಾಗಿತ್ತು. ಭಾವ ಬಗ್ಗಿ, ಅವಳು ಬಿಟ್ಟುಹೋದ ಸ್ಕ್ರೂಗಳ ಬಟ್ಟಲನ್ನು ಯಾರ ಕಾಲಿಗೂ ತಾಗದಂತೆ ಗೋಡೆಯ ಪಕ್ಕಕ್ಕೆ ಸರಿಸಿಟ್ಟರು.

ಕೂಗಾಡುವ ಕೆಲಸವನ್ನು ಗಾರ್ಡು ವಹಿಸಿಕೊಂಡರು. ಫೋನು ಬಂದ ಐದು ನಿಮಿಷಕ್ಕೆ ಸೀಟಿ ಊದುತ್ತಲೇ ಬೀದಿ ದಾಟಿ ಬಂದರು, ಅವರ ಹಿಂದೆ ಅರ್ಧ ಬೀದಿ.

“ಏನ್ರೀ ಇದು? ಇಲ್ಲದ ಸ್ಟೇಷನ್ನಿಗೆ ಟಿಕೆಟ್ಟು ಕೊಡ್ತೀರಾ? ನನ್ನ ಮೊಮ್ಮಗನ ಗತಿ ಏನು?”

“ಕಾನೂನು ಇದೆಯಲ್ಲ,” ಎಂದರು ಭಾವ ಕ್ಷೀಣವಾಗಿ.

“ಕಾನೂನಿಗೇ ಸೇರಿಸ್ತೀನಿ! ಓದಿ ಮುಗಿಸಿ ಮೊದಲನೇ ಕೇಸು ನಿಮ್ಮ ಮೇಲೇ ಹಾಕ್ತಾನೆ!” ಗಾರ್ಡು ಇನ್ನೊಮ್ಮೆ ಊದಿ ಹೊರಟರು. ಹೇಳಿದಂತೆಯೇ ಮಾರನೇ ದಿನ ಸೇರಿಸಿದರು ಕೂಡ. ಹುಡುಗ ಖುಷಿಯಾಗಿದ್ದಾನೆ.

ಮಾರನೇ ದಿನ ಮಧ್ಯಾಹ್ನದವರೆಗೂ ಇಕ್ಕಳ ಅಪ್ಪನ ಜೊತೆ ಮಾತಾಡಲಿಲ್ಲ. ಹೊರಗೂ ಬರಲಿಲ್ಲ. ಎರಡು ಗಂಟೆಗೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಬಾಗಿಲು ತಟ್ಟಿದಳು.

“ಏ ಇಕ್ಕಳ, ಕೇಳಿಲ್ಲಿ. ನಿಮ್ಮಪ್ಪ ತಪ್ಪು ಮಾಡಿದ್ದಾರೆ. ನಿನಗೋಸ್ಕರ ಮಾಡಿದ್ದಾರೆ. ಎರಡೂ ನಿಜ. ಎದ್ದು ಹೋಗಿ ನೋಡ್ಕೊಂಡು ಬಾ. ಹಿಡಿಸದಿದ್ರೆ ಅಂಗಡಿ ಇಡು, ನಾನೇ ಬಂದು ಕಸ ಗುಡಿಸಿ ಕೊಡ್ತೀನಿ.”

ಬಂದಳು. ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆ. ಹಿಂದೆ ಭಾವ, ಅವರ ಹಿಂದೆ ನಾನು. ಗೇಟಿನ ಒಳಗೆ ಆ ಬೋರ್ಡನ್ನು ಅವಳು ಕತ್ತೆತ್ತಿಯೂ ನೋಡಲಿಲ್ಲ.

ವಸ್ತು ವಿಜ್ಞಾನದ ಪ್ರಯೋಗಾಲಯ ಹಿಂದಿನ ಕಟ್ಟಡದಲ್ಲಿ, ಮೊದಲ ಮಹಡಿಯಲ್ಲಿತ್ತು. ಬಾಗಿಲ ಮೇಲಿನ ಹೆಸರನ್ನು ಬರೆದ ಭಾವ ಆ ಬಾಗಿಲನ್ನು ದಾಟಿದ್ದು ಅದೇ ಮೊದಲು. ಒಳಗೆ ಎಣ್ಣೆಯ ವಾಸನೆ. ಅಂಗಿಯ ತೋಳು ಸುಟ್ಟುಕೊಂಡ ಒಬ್ಬ ಮೇಷ್ಟ್ರು ಒಂದು ಎತ್ತರದ ಯಂತ್ರದ ಮುಂದೆ ನಿಂತಿದ್ದರು. ಯಂತ್ರ ಒಂದು ಉಕ್ಕಿನ ಸರಳನ್ನು ಎರಡೂ ಕಡೆಯಿಂದ ಹಿಡಿದು ಎಳೆಯುತ್ತಿತ್ತು. ಸುತ್ತ ನಾಲ್ಕೈದು ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದಿದ್ದರು. ಫಟಾರೆಂದು ಸರಳು ಎರಡಾಯಿತು. ನಾನೂ ಭಾವನೂ ಒಬ್ಬರನ್ನೊಬ್ಬರು ಹಿಡಿದುಕೊಂಡೆವು.

“ಯಾಕೆ ಇಲ್ಲೇ ಮುರೀತು? ಒಂದಿಂಚು ಮೇಲೆ ಯಾಕೆ ಮುರೀಲಿಲ್ಲ?” ಎಂದು ಮೇಷ್ಟ್ರು ಕೇಳಿದರು. ವಿದ್ಯಾರ್ಥಿಗಳು ಪುಸ್ತಕ ತಿರುವಿದರು.

ಇಕ್ಕಳ ಸೀದಾ ಹೋಗಿ ಮುರಿದ ತುಂಡನ್ನು ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. “ಇಲ್ಲಿ ಮೊದಲೇ ಒಂದು ಗೀರು ಇತ್ತು ಸಾರ್. ನೋಡಿ, ಈ ಅಂಚು ಮಾತ್ರ ಮಂಕಾಗಿದೆ. ಶುರುವಾಗಿದ್ದು ಇಲ್ಲಿಂದ.”

ಮೇಷ್ಟ್ರು ನೋಡಿದರು. ಭೂತಗನ್ನಡಿ ತಂದು ಇನ್ನೊಮ್ಮೆ ನೋಡಿದರು. “ನೀನು ಯಾವ ವರ್ಷದವಳಮ್ಮಾ?”

“ಇನ್ನೂ ಯಾವ ವರ್ಷದವಳೂ ಅಲ್ಲ.”

ಮೇಷ್ಟ್ರು ಅವಳ ಕೈಗೆ ಇನ್ನೊಂದು ಸರಳು ಕೊಟ್ಟರು. ನಮ್ಮಿಬ್ಬರನ್ನು ನೋಡಿ, ಹೊರಗೆ ಬೆಂಚಿದೆ ಎಂದರು.

ಬೆಂಚಿನ ಮೇಲೆ ಕೂತೆವು. ಮೂರೂವರೆ ಆಯಿತು. ಒಳಗಿಂದ ಫಟ್ ಎಂದಿತು. ನಾಲ್ಕಾಯಿತು. ಫಟ್ ಫಟ್ ಎಂದು ಎರಡು. ಭಾವ ಖಾಲಿ ಅರ್ಜಿಯನ್ನು ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಅದು ಕರವಸ್ತ್ರದಂತಾಗಿತ್ತು.

“ಹೋಗಿ ಕರೀಲಾ?”

“ಸುಮ್ನೆ ಕೂತ್ಕೊಳ್ಳಿ ಭಾವ.”

“ಐದಕ್ಕೆ ಮುಚ್ತಾರೆ ಕಣಯ್ಯಾ. ಮಾತಾಡಿಸಿದ್ರೆ ಇನ್ನೂ ಸಿಟ್ಟು ಬಂದ್ರೆ?”

ನಾಲ್ಕು ನಲವತ್ತಕ್ಕೆ ಬಾಗಿಲು ತೆರೆಯಿತು. ಇಕ್ಕಳ ಬಂದಳು, ಮೊಣಕೈವರೆಗೆ ಎಣ್ಣೆ, ಮೂಗಿನ ಮೇಲೆ ಕಪ್ಪು. ಭಾವ ಎದ್ದು ನಿಂತರು.

“ಅಪ್ಪಾ!” ಎಂದಳು. “ಬೇಕೂಂತಲೇ ಮುರೀತಾರೆ ಅಪ್ಪಾ! ದಿನಕ್ಕೆ ಇಪ್ಪತ್ತು! ಉಕ್ಕು, ಗಾಜು, ಮರ, ರಬ್ಬರು, ಸಿಕ್ಕಿದ್ದೆಲ್ಲ! ಆಮೇಲೆ ಯಾಕೆ ಮುರೀತು ಅಂತ ನಾಲ್ಕು ವರ್ಷ ಕೂತು ಓದ್ತಾರೆ!”

ಭಾವನ ಕಣ್ಣು ತುಂಬಿ ಬಂತು. “ಆಮೇಲೆ ಸರಿ ಮಾಡ್ತಾರಾ ಮಗಾ?”

“ಇಲ್ಲ. ಬುಟ್ಟಿಗೆ ಎಸೀತಾರೆ.”

ಭಾವನ ಮುಖ ಜೋತುಬಿತ್ತು. “ಹಾಗಾದ್ರೆ... ಬೇಡ್ವಾ?”

“ಬೇಡ ಅಂದ್ನಾ?” ಇಕ್ಕಳ ಅಪ್ಪನ ಕೈಯಿಂದ ಅರ್ಜಿ ಕಿತ್ತುಕೊಂಡು, ಬೆಂಚಿನ ಮೇಲಿಟ್ಟು ಉಜ್ಜಿ ನೆಟ್ಟಗೆ ಮಾಡಿದಳು. “ಯಾಕೆ ಮುರಿಯುತ್ತೆ ಅನ್ನೋದನ್ನ ಅವರು ನಂಗೆ ಹೇಳಿಕೊಡ್ಲಿ. ಸರಿ ಮಾಡೋದನ್ನ ನಾನು ಅವರಿಗೆ ಹೇಳಿಕೊಡ್ತೀನಿ. ಪೆನ್ನು ಕೊಡಪ್ಪಾ, ಬೇಗ!”

ಬರೆದವಳೇ ಅಪ್ಪನ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದಳು. ನಾನು ಏದುಸಿರು ಬಿಡುತ್ತಾ ಹಿಂದೆ ಹೋಗುವಷ್ಟರಲ್ಲಿ ಗುಮಾಸ್ತರು ಅರ್ಜಿ ತೆಗೆದುಕೊಂಡು, ಅದರ ಮೇಲಿನ ಎಣ್ಣೆಯ ಬೆರಳಚ್ಚುಗಳ ಪಕ್ಕದಲ್ಲೇ ಮುದ್ರೆ ಒತ್ತುತ್ತಿದ್ದರು. ಐದಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು.